ಅಗ್ಗದ ಆಯಿಲ್ ಫಿಲ್ಟರ್ ಹಾಕಿದ ಮೇಲೆ ಬೆಳಗಿನ ಮೊದಲ ಸ್ಟಾರ್ಟ್‌ಗೆ ಕಟಕಟ: ಮೂರು ಫಿಲ್ಟರ್ ಕೊಯ್ದು ನೋಡಿದ್ದು

ಡಿಪ್‌ಸ್ಟಿಕ್_ಹಾಸನ:

ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 84,000 ಕಿ.ಮೀ. ಆಗಿದೆ. ಎಣ್ಣೆ 5ಡಬ್ಲ್ಯೂ-30. ಫಿಲ್ಟರ್ ಎಂಜಿನ್ ಬ್ಲಾಕ್‌ಗೆ ಅಡ್ಡಡ್ಡ ಕೂರುತ್ತೆ, ಅದನ್ನ ತಿರುಗಿಸಿ ಕೂರಿಸುವ ಸ್ಟಡ್ ಎಂ20×1.5 (20 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್).

ಕಳೆದ ಸಲ ಎಣ್ಣೆ ಬದಲಿಸುವಾಗ ಕಂಪನಿ ಫಿಲ್ಟರ್ ಬಿಟ್ಟು 110 ರೂಪಾಯಿಯದು ಹಾಕಿದ್ದು. ಅವತ್ತಿನಿಂದ, ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ 3–4 ಸೆಕೆಂಡ್ ಟೈಮಿಂಗ್ ಚೈನ್ ಕಡೆಯಿಂದ ಕಟಕಟ. ಆಯಿಲ್ ಲೈಟ್ ಆರೋಕೂ ಅಷ್ಟೇ ಹೊತ್ತು. ಅರ್ಧ ಗಂಟೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದಿಲ್ಲ. ಎಣ್ಣೆ ಮಟ್ಟ ಸರಿಯಿದೆ, ಸೋರಿಕೆ ಇಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಇನ್ನೆರಡು ಥರದ್ದು ತರಿಸಿ, ಮೂರರಲ್ಲೂ ಒಂದೊಂದು ಹೊಸದನ್ನ ಹ್ಯಾಕ್ಸಾದಲ್ಲಿ ಕೊಯ್ದಿದ್ದೇನೆ.

ಅ – 110 ರೂ. ಕಾಗದದ ಮಡಿಕೆ 34, ಆಳ 12 ಮಿ.ಮೀ., ಎತ್ತರ 48 ಮಿ.ಮೀ. ಒಳಗಿನ ರಬ್ಬರ್ ಕಪ್ಪು. ಡಬ್ಬಿಯ ತಗಡು 0.38 ಮಿ.ಮೀ.
ಬಿ – 165 ರೂ. ಮಡಿಕೆ 52, ಆಳ 13, ಎತ್ತರ 50. ರಬ್ಬರ್ ಕೇಸರಿ. ಎಲಿಮೆಂಟಿನ (ಮಡಿಕೆ ಕಾಗದದ ಸುರುಳಿಯ) ಎರಡೂ ತುದಿಗೆ ತಗಡಿನ ಬದಲು ರಟ್ಟಿನ ಮುಚ್ಚಳ. ತಗಡು 0.45.
ಸಿ – 240 ರೂ. ಮಡಿಕೆ 66, ಆಳ 13, ಎತ್ತರ 50. ರಬ್ಬರ್ ಕಪ್ಪು, ಮುಚ್ಚಳ ತಗಡಿನದು. ತಗಡು 0.5. ಆದರೆ ಇದರ ಬಾಯಿಗೆ ಎಂ20 ಬೋಲ್ಟ್ ಒಂದು ಸುತ್ತೂ ಹೋಗಲ್ಲ. ಅಂಗಡಿಯವರು "ಎಣ್ಣೆ ಹಚ್ಚಿ ತಿರುಗಿಸಿ, ಕೂರುತ್ತೆ" ಅಂತಾರೆ.

ಮಡಿಕೆ ಜಾಸ್ತಿ ಇರುವ ಸಿ ಹಾಕೋದೇ ಒಳ್ಳೇದಾ? ರಟ್ಟಿನ ಮುಚ್ಚಳ ನೋಡಿ ಬಿ ಮೇಲೆ ನಂಬಿಕೆ ಬರ್ತಿಲ್ಲ.

ಸ್ಪ್ಯಾನರ್14:

ಮೊದಲು ಸಿ ವಿಷಯ. ದಯವಿಟ್ಟು ಬಲವಂತ ಮಾಡಬೇಡಿ. ನಿಮ್ಮ ಬೋಲ್ಟ್ ಯಾವ ಪಿಚ್‌ನದು (ಒಂದು ಸುತ್ತಿಂದ ಇನ್ನೊಂದಕ್ಕೆ ಎಷ್ಟು ಮಿ.ಮೀ.) ನೋಡಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಂ20 ಬೋಲ್ಟ್ 2.5 ಪಿಚ್, ಅದು ಯಾವ ಫಿಲ್ಟರಿಗೂ ಹೋಗಲ್ಲ. 1.5 ಪಿಚ್‌ನ ಬೋಲ್ಟಿಗೂ ಹೋಗಲಿಲ್ಲ ಅಂದರೆ ಸಿ ಬಾಯಿಯ ಮರೆ (ಥ್ರೆಡ್) ಬಹುತೇಕ ಮುಕ್ಕಾಲು ಇಂಚು–16, ಅಂದರೆ ಇಂಚಿಗೆ 16 ಸುತ್ತಿನದು. ಅದರ ವ್ಯಾಸ 19.05 ಮಿ.ಮೀ., ಪಿಚ್ 1.59. ಡಬ್ಬಿ, ರಬ್ಬರ್ ರಿಂಗ್ ಎಲ್ಲ ಒಂದೇ ಅಳತೆ ಇರೋದರಿಂದ ಕಣ್ಣಿಗೆ ಗೊತ್ತಾಗಲ್ಲ. ಒತ್ತಿ ತಿರುಗಿಸಿದರೆ ಸ್ಟಡ್ಡಿನ ಮರೆ ಹಾಳಾಗುತ್ತೆ.

ಇದರ ಉಲ್ಟಾ ಇನ್ನೂ ಅಪಾಯ. ಎಂ20 ಫಿಲ್ಟರನ್ನ ಮುಕ್ಕಾಲು ಇಂಚಿನ ಸ್ಟಡ್ಡಿಗೆ ಹಾಕಿದರೆ ಸಲೀಸಾಗಿ ಹೋಗುತ್ತೆ, ರಿಂಗ್ ತಾಗಿದ ಮೇಲೆ ಬಿಗಿಯಾದ ಹಾಗೂ ಅನಿಸುತ್ತೆ. ಮರೆ ತುದಿತುದಿಯಲ್ಲಷ್ಟೇ ಹಿಡಿದಿರುತ್ತೆ. ತಣ್ಣನೆ ಎಂಜಿನ್‌ನಲ್ಲಿ ಒತ್ತಡ ಏರಿದಾಗ ಫಿಲ್ಟರ್ ಕಿತ್ತು ಹೊರಟರೆ ಒಂದೇ ನಿಮಿಷಕ್ಕೆ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಖಾಲಿ.

ತಗಡು_ಮಡಿಕೆ:

ಮಡಿಕೆ ಎಣಿಸಿದ್ದು ಒಳ್ಳೇದು, ಆದರೆ ಎಣಿಕೆ ಒಂದೇ ಸಾಲದು. ಕಾಗದದ ವಿಸ್ತೀರ್ಣ ಲೆಕ್ಕ ಹಾಕಿ: ಮಡಿಕೆ × 2 × ಆಳ × ಎತ್ತರ.

ಅ: 34 × 2 × 1.2 × 4.8 = ಸುಮಾರು 392 ಚದರ ಸೆಂ.ಮೀ.
ಬಿ: 52 × 2 × 1.3 × 5 = 676 ಚದರ ಸೆಂ.ಮೀ.
ಸಿ: ಇದೇ ಲೆಕ್ಕದಲ್ಲಿ 858.

ಸಿ ಗೆದ್ದ ಹಾಗೆ ಕಾಣುತ್ತೆ, ಅಲ್ವಾ? ಈಗ ನಡುವಿನ ಕೊಳವೆ ಅಳೆಯಿರಿ. ಈ ಸೈಜಿನ ಫಿಲ್ಟರ್‌ನಲ್ಲಿ ಹೊರವ್ಯಾಸ 27 ಮಿ.ಮೀ. ಆಸುಪಾಸು ಇರುತ್ತೆ, ಅಂದರೆ ಸುತ್ತಳತೆ 85 ಮಿ.ಮೀ. ಕಾಗದ 0.7 ಮಿ.ಮೀ. ದಪ್ಪ ಅಂದುಕೊಂಡರೆ ಒಂದು ಮಡಿಕೆಯ ಬುಡಕ್ಕೆ 1.4 ಮಿ.ಮೀ. ಜಾಗ ಬೇಕು. 85 ಮಿ.ಮೀ.ಯಲ್ಲಿ 60 ಮಡಿಕೆ ಹಿಡಿಸೋದೇ ಹೆಚ್ಚು. 66 ಅಂದರೆ ಬುಡದಲ್ಲಿ ಒತ್ತಿ ತುರುಕಿದ್ದಾರೆ. ಒಂದಕ್ಕೊಂದು ಅಂಟಿಕೊಂಡ ಕಡೆ ಎಣ್ಣೆ ನುಗ್ಗಲ್ಲ, ಆ ಭಾಗ ಲೆಕ್ಕದಲ್ಲಿದ್ದರೂ ಕೆಲಸಕ್ಕಿಲ್ಲ. ಬಿಯಲ್ಲಿ ಒಂದು ಮಡಿಕೆಗೆ 1.6 ಮಿ.ಮೀ. ಸಿಗುತ್ತೆ, ಅದು ಸರಿ.

ಹಾಗಂತ ಅ ಸಾಕು ಅಂತಲೂ ಅಲ್ಲ. ವಿಸ್ತೀರ್ಣ ಕಮ್ಮಿಯಾದಷ್ಟೂ ತಣ್ಣನೆಯ ದಪ್ಪ ಎಣ್ಣೆ ಕಾಗದ ದಾಟೋಕೆ ಒದ್ದಾಡುತ್ತೆ. ಎರಡು ಬದಿಯ ಒತ್ತಡದ ಅಂತರ ಸುಮಾರು 1 ಬಾರ್ ದಾಟಿದರೆ ಬೈಪಾಸ್ ವಾಲ್ವ್ ತೆರೆದು ಸೋಸದ ಎಣ್ಣೆ ನೇರ ಬೇರಿಂಗಿಗೆ (ಎಷ್ಟಕ್ಕೆ ತೆರೆಯಬೇಕು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ). ಕೊಳೆ ತುಂಬಿದ ಹಾಗೆ ಸಣ್ಣ ಫಿಲ್ಟರ್ ಬೇಗ ಆ ಹಂತಕ್ಕೆ ಬರುತ್ತೆ.

ಇನ್ನೊಂದು: ಕೊಯ್ದು ನೋಡಿ ಕಾಗದ ಎಷ್ಟು ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲೊಂದು ಭಾಗ) ಗಾತ್ರದ ಕಣ ಹಿಡಿಯುತ್ತೆ ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ಅದಕ್ಕೆ ಐಎಸ್‌ಒ 4548-12 ಪರೀಕ್ಷೆಯೇ ಬೇಕು. ಡಬ್ಬದ ಮೇಲೆ "99% ಶುದ್ಧೀಕರಣ" ಅಂತ ಬರೆದು ಎಷ್ಟು ಮೈಕ್ರಾನ್ ಅಂತ ಬರೆಯದಿದ್ದರೆ ಅದು ಬರೀ ಬಣ್ಣದ ಮಾತು. 40 ಮೈಕ್ರಾನ್‌ಗೆ 99 ಬರೋದು ಏನೂ ದೊಡ್ಡದಲ್ಲ, 20ಕ್ಕೆ ಬಂದರೆ ಮಾತಾಡಬಹುದು.

ಗ್ರೀಸ್‌ಗನ್:

ಸದ್ದಿಗೂ ಮಡಿಕೆಗೂ ಸಂಬಂಧ ಕಮ್ಮಿ. ರಾತ್ರಿ ನಿಂತ ಮೇಲೆ ಮಾತ್ರ ಬರುತ್ತೆ, ಅರ್ಧ ಗಂಟೆಗೆ ಬರಲ್ಲ ಅಂದರೆ ಆಂಟಿ ಡ್ರೇನ್ ಬ್ಯಾಕ್ ವಾಲ್ವ್ ಮೇಲೆ ಅನುಮಾನ. ಬಾಯಿಯ ಸುತ್ತ ಇರುವ ಸಣ್ಣ ತೂತುಗಳ ಹಿಂದೆ ಕೂತಿರುವ ರಬ್ಬರ್ ತಟ್ಟೆಯೇ ಅದು. ಎಂಜಿನ್ ನಿಂತಾಗ ತೂತುಗಳನ್ನ ಮುಚ್ಚಿ, ಫಿಲ್ಟರ್‌ನಲ್ಲಿರುವ ಎಣ್ಣೆ ಪಂಪ್ ಕಡೆಯಿಂದ ಸಂಪಿಗೆ ಇಳಿಯದ ಹಾಗೆ ತಡೀಬೇಕು. ಬಾಯಿ ಮೇಲಾಗಿ ಕೂರುವ ಫಿಲ್ಟರಿಗೆ ಇದರ ಅವಶ್ಯಕತೆ ಅಷ್ಟಿಲ್ಲ. ನಿಮ್ಮ ಹಾಗೆ ಅಡ್ಡ ಕೂರುವುದಕ್ಕೆ ಇದೇ ಜೀವ. ಇಳಿದುಹೋದರೆ ಬೆಳಿಗ್ಗೆ ಪಂಪ್ ಮೊದಲು ಡಬ್ಬಿ ತುಂಬಬೇಕು, ಅಲ್ಲಿಯವರೆಗೂ ಎಣ್ಣೆ ಒತ್ತಡದಿಂದ ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಒತ್ತಡ ಇಲ್ಲ, ಅದಕ್ಕೇ ಕಟಕಟ.

ಖಚಿತ ಮಾಡಿಕೊಳ್ಳೋಕೆ ಇಷ್ಟು ಮಾಡಿ:

ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಸಂಪಿನ ಎಣ್ಣೆಯೂ ಇಳಿಸದೆ, ಕೆಳಗೆ ಅಗಲವಾದ ಟ್ರೇ ಇಟ್ಟು ಫಿಲ್ಟರ್ ಬಿಚ್ಚಿ. ಟ್ರೇಗೆ ಬಿದ್ದದ್ದು, ಡಬ್ಬಿಯಲ್ಲಿ ಉಳಿದದ್ದು ಎರಡನ್ನೂ ಅಳತೆ ಲೋಟಕ್ಕೆ ಹಾಕಿ. ಈ ಸೈಜಿನ ಡಬ್ಬಿ 200 ಮಿ.ಲೀ. ಹತ್ತಿರ ಹಿಡಿಯುತ್ತೆ. ವಾಲ್ವ್ ಸೋರಿದ್ದರೆ ಕೆಳಗಿನ ತೂತಿನ ಮಟ್ಟದ ಎಣ್ಣೆ ಮಾತ್ರ ಉಳಿದಿರುತ್ತೆ, ಅಂದರೆ ಕಾಲು ಭಾಗದಷ್ಟು.

ಆಮೇಲೆ ಬಿಚ್ಚಿದ ಫಿಲ್ಟರ್‌ನ ನಡುವಿನ ತೂತಿಗೆ ರಬ್ಬರ್ ಪೈಪ್ ಒತ್ತಿ ಹಿಡಿದು ಬಾಯಿಂದ ಮೆಲ್ಲಗೆ ಊದಿ. ಗಾಳಿ ಕಾಗದ ದಾಟಿ ರಬ್ಬರ್ ತಟ್ಟೆಗೆ ಒತ್ತುತ್ತೆ. ಸಣ್ಣ ತೂತುಗಳಿಂದ ಗುಳ್ಳೆ ಬಂದರೆ ವಾಲ್ವ್ ಹಿಡೀತಿಲ್ಲ.

ರಬ್ಬರ್ ಬಣ್ಣಕ್ಕೆ ಮರುಳಾಗಬೇಡಿ. ಸಿಲಿಕಾನ್ ರಬ್ಬರ್ ಬಿಸಿಗೆ ಮೆತ್ತಗೇ ಉಳಿಯುತ್ತೆ, ನೈಟ್ರೈಲ್ ರಬ್ಬರ್ ಕ್ರಮೇಣ ಗಟ್ಟಿಯಾಗಿ ಸುಕ್ಕಾಗುತ್ತೆ. ಆದರೆ ಕೇಸರಿ ಬಣ್ಣ ಹಾಕಿದ ನೈಟ್ರೈಲೂ ಇರಬಹುದು. ಕೊಯ್ದ ಫಿಲ್ಟರಿಂದ ಉಗುರಿನಷ್ಟು ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಯಲಲ್ಲಿ ಲೈಟರ್ ಹಚ್ಚಿ. ಕಪ್ಪು ಹೊಗೆ, ಕಪ್ಪು ಕಿಟ್ಟ ಬಂದರೆ ನೈಟ್ರೈಲ್. ಬಿಳಿ ಬೂದಿ ಉಳಿದರೆ ಸಿಲಿಕಾನ್.

ತಗಡು_ಮಡಿಕೆ:

ರಟ್ಟಿನ ಮುಚ್ಚಳದ ಬಗ್ಗೆ ಬಿಟ್ಟುಹೋಯ್ತು. ನೋಡೋಕೆ ಅಗ್ಗ ಅನಿಸುತ್ತೆ, ಅಷ್ಟಕ್ಕೇ ಕೆಟ್ಟದ್ದಲ್ಲ. ಮುಖ್ಯ ಆಗೋದು ಅಂಟು. ಮಡಿಕೆಯ ತುದಿಯನ್ನ ಉಗುರಲ್ಲಿ ಮೆಲ್ಲಗೆ ಎಳೆಯಿರಿ: ಕಾಗದ ಹರಿದು ನಾರು ಮುಚ್ಚಳಕ್ಕೇ ಅಂಟಿಕೊಂಡಿದ್ದರೆ ಅಂಟು ಹಿಡಿದಿದೆ. ಸಿಪ್ಪೆ ಸುಲಿದ ಹಾಗೆ ನೀಟಾಗಿ ಬಿಟ್ಟು ಬಂದರೆ ತಗಡಿನ ಮುಚ್ಚಳವಾದರೂ ಪ್ರಯೋಜನ ಇಲ್ಲ, ಎಣ್ಣೆ ಆ ಸಂದಿಯಲ್ಲೇ ನುಸುಳುತ್ತೆ. ಕಾಗದದ ಎರಡು ಅಂಚು ಕೂಡುವ ಜಾಗವನ್ನೂ ಕತ್ತಲಲ್ಲಿ ಒಳಗೆ ಟಾರ್ಚ್ ಇಟ್ಟು ನೋಡಿ. ಬೆಳಕಿನ ಗೆರೆ ಕಂಡರೆ ಅಲ್ಲಿ ಸೋಸುವಿಕೆ ಇಲ್ಲ.

ಅಂದಹಾಗೆ ಹ್ಯಾಕ್ಸಾ ಇಂಥ ಹೋಲಿಕೆಗೆ ನಡೆಯುತ್ತೆ. ಹಳೇ ಫಿಲ್ಟರ್‌ನಲ್ಲಿ ಬೇರಿಂಗಿನ ಪುಡಿ ಇದೆಯಾ ನೋಡೋಕೆ ಮಾತ್ರ ಬೇಡ, ಬ್ಲೇಡಿನ ಪುಡಿಯೇ ಮಿಂಚಿ ಗಾಬರಿ ಹುಟ್ಟಿಸುತ್ತೆ. ಅದಕ್ಕೆ ಪೈಪ್ ಕಟರ್ ಥರ ಸುತ್ತ ಒತ್ತಿ ಕತ್ತರಿಸುವ ಫಿಲ್ಟರ್ ಕಟರ್ ಬಳಸಿ.

ಡಿಪ್‌ಸ್ಟಿಕ್_ಹಾಸನ:

ಎಲ್ಲ ಮಾಡಿದೆ. ಫಲ ಹೀಗಿದೆ.

ಗಾಡಿಯಲ್ಲಿದ್ದ ಅ: ಒಟ್ಟು ಸಿಕ್ಕಿದ ಎಣ್ಣೆ 55 ಮಿ.ಲೀ. ಊದಿದಾಗ ಎಂಟು ತೂತಿನಲ್ಲಿ ಮೂರರಿಂದ ಗುಳ್ಳೆ, ಮೂರೂ ಒಂದೇ ಪಕ್ಕದವು. ಅದನ್ನೂ ಕೊಯ್ದೆ: ರಬ್ಬರ್ ಅಂಚು ಆ ಕಡೆ ಹಪ್ಪಳದ ಹಾಗೆ ಎದ್ದು ನಿಂತಿದೆ, ಉಗುರು ಒತ್ತಿದರೆ ಗುರುತು ಬೀಳಲ್ಲ. ಹೊಸ ಅ ಜೊತೆ ಹೋಲಿಸಿದರೆ ಎರಡೂ ಒಂದೇ ಮಾಲು ಅನಿಸಲ್ಲ.
ಬಿ: ಸುಟ್ಟ ತುಂಡು ಬಿಳಿ ಬೂದಿ. ಕಾಗದ ಹರೀತು, ಅಂಟು ಬಿಡಲಿಲ್ಲ. ಬೆಳಕು ಕಾಣಲಿಲ್ಲ.
ಸಿ: ಕಪ್ಪು ಕಿಟ್ಟ. ಒಂದು ತುದಿಯಲ್ಲಿ ನಾಲ್ಕೈದು ಮಡಿಕೆ ಸುಲಿದು ಬಂದವು. ನನ್ನ ಬೋಲ್ಟ್ 1.5 ಪಿಚ್ಚೇ, ಹಾಗಾಗಿ ಮರೆಯೂ ಬೇರೆ. ವಾಪಸ್ ಕೊಡ್ತೀನಿ.

ಹೊಸ ಬಿ ಹಾಕೋಕೆ ಹೊರಟಿದ್ದೇನೆ. ಮೊದಲ ಸ್ಟಾರ್ಟ್‌ಗೆ ಸದ್ದು ಬರದ ಹಾಗೆ ಏನು ಮಾಡಲಿ?

ಗ್ರೀಸ್‌ಗನ್:

ಹಳೇ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿದೆಯಾ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಕೂರಿಸಿದರೆ ಒತ್ತಡಕ್ಕೆ ರಿಂಗ್ ಹಾರಿ ಎಣ್ಣೆ ಪಿಚಕಾರಿ ಹೊಡೆಯುತ್ತೆ. ಮುಖ ಒರೆಸಿ, ಹೊಸ ರಿಂಗಿಗೆ ಎಣ್ಣೆ ಸವರಿ. ಫಿಲ್ಟರಿಗೆ 80–100 ಮಿ.ಲೀ. ಹೊಸ ಎಣ್ಣೆ ಹಾಕಿ ಐದು ನಿಮಿಷ ಬಿಡಿ, ಕಾಗದ ಹೀರಿಕೊಂಡರೆ ಅಡ್ಡ ಹಿಡಿದರೂ ಅಷ್ಟು ಚೆಲ್ಲಲ್ಲ. ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಜಾಗದಲ್ಲಿ ಮಾರ್ಕರ್ ಗೆರೆ ಹಾಕಿ ಅಲ್ಲಿಂದ ಮುಕ್ಕಾಲು ಸುತ್ತು (ಡಬ್ಬದ ಮೇಲೆ ಬೇರೆ ಬರೆದಿದ್ದರೆ ಅದೇ). ರೆಂಚ್ ಬಿಚ್ಚೋಕೆ ಮಾತ್ರ.

ಆಕ್ಸಿಲರೇಟರ್ ಪೂರ್ತಿ ಒತ್ತಿ 5 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಹಾಗೆ ಒತ್ತಿದಾಗ ಪೆಟ್ರೋಲ್ ಬರಲ್ಲ, ಎಂಜಿನ್ ಬರೀ ಸುತ್ತುತ್ತೆ. ಸ್ಟಾರ್ಟ್ ಆಗೋ ಲಕ್ಷಣ ಕಂಡರೆ ತಕ್ಷಣ ಕಾಲು ತೆಗೀರಿ. ಆಮೇಲೆ ಮಾಮೂಲಿ ಸ್ಟಾರ್ಟ್, ಒಂದು ನಿಮಿಷ ಐಡ್ಲಿಂಗ್, ರಿಂಗಿನ ಸುತ್ತ ಟಾರ್ಚ್. ಆಫ್ ಮಾಡಿ ಐದು ನಿಮಿಷ ಬಿಟ್ಟು ಮಟ್ಟ ನೋಡಿ.

ಸ್ಪ್ಯಾನರ್14:

ಲೈಟ್ ಆರಿತು ಅಂತ ನಿಶ್ಚಿಂತೆ ಬೇಡ. ಆ ಸ್ವಿಚ್ ಸುಮಾರು 0.3 ಬಾರ್‌ಗೇ ಲೈಟ್ ಆರಿಸಿಬಿಡುತ್ತೆ. ಬಿ ಹಾಕಿದ ಮೇಲೂ ಸದ್ದು 2 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಸ್ವಿಚ್ ಬಿಚ್ಚಿ ಅಲ್ಲಿಗೆ ಗೇಜ್ ಹಾಕಿಸಿ ಒತ್ತಡ ನೋಡಿ. ಒತ್ತಡ ಬೇಗ ಏರಿಯೂ ಸದ್ದು ಬಂದರೆ ಟೆನ್ಷನರ್ ಅಥವಾ ಚೈನ್ ಸವೆದಿದೆ, ಫಿಲ್ಟರ್ ಬದಲಿಸಿ ಉಪಯೋಗ ಇಲ್ಲ.

ಡಿಪ್‌ಸ್ಟಿಕ್_ಹಾಸನ:

ಬಿ ಹಾಕಿ ಆರು ಬೆಳಗಾಯ್ತು. ಲೈಟ್ ಒಂದು ಸೆಕೆಂಡಿಗೇ ಆರುತ್ತೆ, ಕಟಕಟ ಇಲ್ಲ. ರಿಂಗಿನ ಸುತ್ತ ಎಣ್ಣೆ ಜಿನುಗಿಲ್ಲ. ಸಿ ವಾಪಸ್ ತಗೊಂಡರು, ದುಡ್ಡಿನ ಬದಲು ಡ್ರೇನ್ ಬೋಲ್ಟ್ ವಾಷರ್ ಹತ್ತು ಕೊಟ್ಟು ಕಳಿಸಿದ್ದಾರೆ.