ಎನ್‌ಪಿಎಚ್: ಮಾವನ ಕಾಲು ನೆಲಕ್ಕೆ ಅಂಟಿದ ಹಾಗೆ, ಶಂಟ್ ಮಾಡಿಸಿದವರು ಹೇಳಿ

ಸುರತ್ಕಲ್ ಸೊಸೆ: ಮಾವನಿಗೆ 74. ಪಾದ ಎತ್ತಲಿಕ್ಕೇ ಆಗುವುದಿಲ್ಲ, ಎಳೆದುಕೊಂಡು ನಡೆಯುತ್ತಾರೆ, ತಿರುಗುವಾಗ ವಾಲುತ್ತಾರೆ. ಎಂಆರ್‌ಐ ನೋಡಿ ನಾರ್ಮಲ್ ಪ್ರೆಶರ್ ಹೈಡ್ರೋಸೆಫಾಲಸ್ (ಎನ್‌ಪಿಎಚ್, ಮಿದುಳಿನೊಳಗೆ ನೀರು ಹೆಚ್ಚಾಗುವ ಕಾಯಿಲೆ) ಅಂದರು. ಮೊದಲು ಬೆನ್ನಿನಿಂದ ನೀರು ತೆಗೆದು ನೋಡುವುದಂತೆ, ಆಮೇಲೆ ಶಂಟ್, ಅಂದರೆ ಆ ನೀರನ್ನು ಒಳಗಿಂದೊಳಗೇ ಇಳಿಸುವ ಟ್ಯೂಬ್. ಎಂತ ಮಾಡುವುದು?

ಪಡುಬಿದ್ರಿ ಮಗಳು: ನೀರು ತೆಗೆಯುವ ದಿನ ಅಳತೆ ಇಲ್ಲದಿದ್ದರೆ ಆ ಸೂಜಿ ದಂಡ. ನಮ್ಮಲ್ಲಿ ಯಾರೂ ಅಳೆಯಲಿಲ್ಲ, ಎರಡನೇ ಸಲ ಚುಚ್ಚಿಸಬೇಕಾಯ್ತು. ಕೈಯಿರುವ ಕುರ್ಚಿ ಇಡಿ, 3 ಮೀಟರ್‌ಗೆ ಟೇಪ್ ಅಂಟಿಸಿ. ಎದ್ದು, ನಡೆದು, ತಿರುಗಿ, ಬಂದು ಕೂರಲಿಕ್ಕೆ ಎಷ್ಟು ಸೆಕೆಂಡ್, ತಿರುಗಲಿಕ್ಕೆ ಎಷ್ಟು ಹೆಜ್ಜೆ, ಎರಡೂ ಬರೆಯಿರಿ. ಮೊಬೈಲ್ ಮೊಣಕಾಲಿನ ಎತ್ತರದಲ್ಲಿ ಹಿಡಿದು ಪಾದದ ವಿಡಿಯೋ ಮಾಡಿ. 30ರಿಂದ 50 ಎಂಎಲ್ ತೆಗೆದ ಮೇಲೆ 2–4 ಗಂಟೆ ಬಿಟ್ಟು ಒಮ್ಮೆ ಅಳೆಯಿರಿ, ಮರುದಿನ ಇನ್ನೊಮ್ಮೆ. ಅದೇ ಕುರ್ಚಿ, ಅದೇ ಚಪ್ಪಲಿ. "ಈಗ ಹಗುರ ಆಯ್ತಾ ಅಜ್ಜ?" ಅಂತ ಕೇಳುವುದು ಪರೀಕ್ಷೆ ಅಲ್ಲ.

ಕುಂದಾಪುರ: ಅಳೆದೂ ವ್ಯತ್ಯಾಸ ಕಾಣದಿದ್ದರೆ ಶಂಟ್ ಬೇಡ ಅಂತ ಅರ್ಥ ಅಲ್ಲ. ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಒಂದು ವರ್ಷ ಹೋಯ್ತು. ಸೊಂಟಕ್ಕೆ ಸಪೂರ ಟ್ಯೂಬ್ ಹಾಕಿ ಗಂಟೆಗೆ ಸುಮಾರು 10 ಎಂಎಲ್‌ನ ಹಾಗೆ ಮೂರು ದಿನ ಬಿಟ್ಟು ನೋಡುವ ಕ್ರಮ ಉಂಟು. ಒಂದು ಸಲದ ಸೂಜಿಗೆ ಸಿಗದ್ದು ಅದರಲ್ಲಿ ಸಿಗಬಹುದು.

ಪಡುಬಿದ್ರಿ ಮಗಳು: ಮೂರು ದಿನ ಟ್ಯೂಬ್ ಅಂದರೆ ಸೋಂಕು ಮಿದುಳಿನ ಪೊರೆಗೆ ಹೋಗಬಹುದು, ಅದನ್ನೂ ಹೇಳಿ. ಅಜ್ಜ ಮಂಚದಲ್ಲಿ ಎದ್ದು ಕೂತರೆ ನೀರು ಬೀಳುವ ಬಾಟಲಿಯ ಎತ್ತರ ಸರಿ ಮಾಡಬೇಕು, ಇಲ್ಲವಾದರೆ ನೀರು ಒಮ್ಮೆಲೇ ಇಳಿಯುತ್ತದೆ. ರಾತ್ರಿ ಯಾರು ನೋಡುವುದು?

ಮಣಿಪಾಲ: ಜಗಳ ಬಿಡಿ, ಶಂಟ್‌ನಲ್ಲಿ ನೀರು ಎಷ್ಟು ಇಳಿಯಬೇಕು ಅಂತ ಹಿಡಿತದಲ್ಲಿಡುವ ವಾಲ್ವ್ ಬಗ್ಗೆ ಕೇಳಿ. ಪ್ರೋಗ್ರಾಮೆಬಲ್ಲೇ ಹಾಕಿಸಿ. ನೀರು ಜಾಸ್ತಿ ಇಳಿದರೆ ಮಿದುಳು ತಲೆಬುರುಡೆಯಿಂದ ಸ್ವಲ್ಪ ಸರಿಯುತ್ತದೆ, ನಡುವಿನ ರಕ್ತನಾಳ ಎಳೆದು ಹರಿದು ಅಲ್ಲಿ ರಕ್ತ ತುಂಬಿಕೊಳ್ಳಬಹುದು. ಎದ್ದಾಗ ತಲೆನೋವು, ಮಲಗಿದರೆ ಕಡಿಮೆ, ಅದೇ ಸೂಚನೆ. ಪ್ರೋಗ್ರಾಮೆಬಲ್ ಆದರೆ ಚರ್ಮದ ಮೇಲಿನಿಂದಲೇ ಮ್ಯಾಗ್ನೆಟ್ ಹಿಡಿದು ವಾಲ್ವ್ ತೆರೆಯುವ ಒತ್ತಡ ಏರಿಸಬಹುದು, ಆಗ ನೀರು ಇಳಿಯುವುದು ಕಡಿಮೆ ಆಗುತ್ತದೆ. ಆದರೆ ಕೆಲವು ವಾಲ್ವ್‌ಗಳ ಸೆಟ್ಟಿಂಗ್ ಎಂಆರ್‌ಐಯಲ್ಲಿ ಬದಲಾಗುತ್ತದೆ, ಪ್ರತಿ ಸಲ ತಪಾಸಣೆ ಮಾಡಿಸಲೇಬೇಕು. ಸೆಟ್ಟಿಂಗ್ ನಂಬರ್ ಬರೆದ ಕಾರ್ಡ್ ಅಜ್ಜನ ಕಿಸೆಯಲ್ಲಿರಲಿ. ಬಿಲ್ಲಿಗೆ ವಾಲ್ವ್‌ನ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದಾರಾ ನೋಡಿ, ಅದಿಲ್ಲದೆ ನಮ್ಮ ವಿಮೆಯ ಹಣ ನಿಂತಿತ್ತು.

ಬಂಟ್ವಾಳ: ದುಡ್ಡಿಲ್ಲದವರು ನಡೆಯುವುದೇ ಬೇಡವಾ ಮಾರಾಯ್ರೆ? ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್‌ನ ಬೆಲೆ ನಿಮ್ಮದಕ್ಕಿಂತ ಎಷ್ಟೋ ಕಡಿಮೆ. ಲೋ, ಮೀಡಿಯಂ, ಹೈ ಅಂತ ಒತ್ತಡ ಮೊದಲೇ ಆರಿಸಿ ಹಾಕುತ್ತಾರೆ. ನಮ್ಮಪ್ಪ ಅದರಲ್ಲೇ ಗದ್ದೆಯ ಬದಿಗೆ ಹೋಗಿಬರುತ್ತಾರೆ.

ಮಣಿಪಾಲ: ಬೇಡ ಅನ್ನಲಿಲ್ಲ. ಒತ್ತಡ ಹೊಂದದಿದ್ದರೆ ಇನ್ನೊಂದು ಆಪರೇಷನ್, ಆ ಖರ್ಚನ್ನೂ ಕೂಡಿಸಿ ಅಂದೆ. ಆಸ್ಪಿರಿನ್, ರಕ್ತ ತೆಳುವಾಗುವ ಗುಳಿಗೆ ಇದ್ದರೆ ಸೂಜಿಗಿಂತ ಮೊದಲೇ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಉಡುಪಿ ಫಿಸಿಯೋ: ಶಂಟ್ ಹಾಕಿದ ಮೇಲೆ ಮೊದಲು ಚೇತರಿಸುವುದು ನಡಿಗೆ, ಈ ಕಾಯಿಲೆಯ ಮರೆವು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ನಾಲ್ಕು ಕಾಲಿನ ಎತ್ತಿ ಇಡುವ ವಾಕರ್ ಕೊಡಬೇಡಿ, ಎತ್ತುವಾಗಲೇ ಹಿಂದಕ್ಕೆ ಬೀಳುತ್ತಾರೆ. ಮುಂದೆ ಎರಡು ಗಾಲಿ ಇರುವುದು ತನ್ನಿ. ನಿಂತಲ್ಲೇ ಗರ್ರನೆ ತಿರುಗಿಸಬೇಡಿ, ತುಳಸಿಕಟ್ಟೆಗೆ ಸುತ್ತು ಬಂದ ಹಾಗೆ ಅಗಲಕ್ಕೆ ತಿರುಗಲಿ.

ಕುಂದಾಪುರ: ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿದರೆ ಹೆಜ್ಜೆ ಉದ್ದ ಆಗುತ್ತದೆ.

ಉಡುಪಿ ಫಿಸಿಯೋ: ಅದು ಪಾರ್ಕಿನ್ಸನ್‌ಗೆ ಚೆನ್ನಾಗಿ ಹಿಡಿಯುತ್ತದೆ, ಇದಕ್ಕೆ ಅಷ್ಟಕ್ಕಷ್ಟೆ. ಪಟ್ಟಿಯ ಅಂಚು ಎದ್ದರೆ ಅದಕ್ಕೇ ಎಡವುತ್ತಾರೆ.

ಬಂಟ್ವಾಳ: ಮಳೆಗಾಲದಲ್ಲಿ ಅಂಗಳದ ಮುರಕಲ್ಲಿನ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ಅದನ್ನು ಯಾರೂ ಹೇಳಲಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ.

ಉಡುಪಿ ಫಿಸಿಯೋ: ಹವಾಯಿ ಚಪ್ಪಲಿಯನ್ನೂ ತೆಗೆಯಿರಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯೇ ಆಗಬೇಕು.