ಗಂಗೋತ್ರಿಯ ಹುಡುಗರು ದೇವರಾಜ ಮಾರುಕಟ್ಟೆಗೆ ಬರುವುದು ಹೇಗೆ?

ಪ್ರಶ್ನೆ: ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿನಿ

ಹೋದ ವಾರ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಎಂ.ಎ. ಓದುತ್ತಿರುವ ತಮ್ಮನ ಮಗನನ್ನು ಕೇಳಿದೆ, "ಓರಿಯಂಟಲ್ ಲೈಬ್ರರಿ ನೋಡಿದ್ದೀಯಾ?" "ಅದು ಯಾವ ಊರಿನಲ್ಲಿದೆ ಅತ್ತೆ?" ಎಂದ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲೇ. ಇವನ ತರಗತಿಯಿಂದ ಕೆರೆ ಬಳಸಿ ನಡೆದರೂ ಮುಕ್ಕಾಲು ಗಂಟೆಯ ದಾರಿ!

ನನ್ನ ತಲೆಯಲ್ಲಿ ಒಂದು ಗೆರೆ ಇದೆ. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಶುರುವಾಗಿ ಕುಕ್ಕರಹಳ್ಳಿ ಕೆರೆ, ರಂಗಾಯಣ, ಕ್ರಾಫರ್ಡ್ ಹಾಲ್, ಓರಿಯಂಟಲ್ ಲೈಬ್ರರಿ, ಮಹಾರಾಜ ಕಾಲೇಜು, ಜಗನ್ಮೋಹನ ಅರಮನೆ ದಾಟಿ ದೇವರಾಜ ಮಾರುಕಟ್ಟೆಗೆ ಮುಟ್ಟುವ ಗೆರೆ. ಹಳೆಯ ಪೇಟೆಗೆ ಮತ್ತೆ ಜೀವ ಬರಬೇಕಾದರೆ ಈ ದಾರಿಯಲ್ಲಿ ಹುಡುಗರು ಓಡಾಡಬೇಕು ಎಂಬುದು ನನ್ನ ಹಟ. ಫಲಕ, ಕಲ್ಲುಹಾಸು, ಸೈಕಲ್ ಪಥ ಮಾಡಿದರೆ ಸಾಕೇ?

ಉತ್ತರ 1: ಮಾರುಕಟ್ಟೆಯ ಹೂವಿನ ವ್ಯಾಪಾರಿ

ಅಮ್ಮಾ, ಫಲಕ ಬೇಡ. ಹುಡುಗರು ಈಗಲೂ ಬರುತ್ತಾರೆ. ಕುಂಕುಮದ ರಾಶಿಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಒಂದು ಮೊಳ ಮಲ್ಲಿಗೆಯನ್ನೂ ಕೊಳ್ಳುವುದಿಲ್ಲ. 2016ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗ ಕುಸಿದ ಮೇಲೆ, ಕೆಡವಿ ಕಟ್ಟಬೇಕೋ ಇದ್ದದ್ದನ್ನೇ ಉಳಿಸಬೇಕೋ ಎಂದು ದೊಡ್ಡವರೆಲ್ಲ ಜಗಳವಾಡಿದರು. ನಮಗೆ ಬೇಕಾದದ್ದು ಸೋರದ ಸೂರು, ಕೊಳ್ಳುವ ಗಿರಾಕಿ.

ಉತ್ತರ 2: ಜಾನಪದ ಓದಿದವನು

ಮೇಲಿನವರ ಮಾತು ನಿಜ. ಆದರೆ ಫೋಟೋ ತೆಗೆಯುವ ಹುಡುಗನನ್ನು ಗಿರಾಕಿ ಮಾಡುವ ಉಪಾಯವೊಂದನ್ನು ನನ್ನ ಮೇಲೆಯೇ ಪ್ರಯೋಗಿಸಲಾಗಿತ್ತು. ನಮ್ಮ ಮೇಷ್ಟ್ರು, "ಅಳತೆಯ ಹತ್ತು ಮಾತುಗಳನ್ನು ಮಾರುಕಟ್ಟೆಯಿಂದ ತನ್ನಿ, ನಿಘಂಟು ಮುಟ್ಟಬೇಡಿ" ಎಂದು ಕಳುಹಿಸಿದರು. ವೀಳ್ಯದೆಲೆಯವರ ಹತ್ತಿರ ಕವಳಿಗೆ, ಅಂದರೆ ಎಲೆಯ ಕಟ್ಟು, ಸಿಕ್ಕಿತು. ಹೂವಿನ ಸಾಲಿನಲ್ಲಿ ಒಬ್ಬ ಅಜ್ಜ ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆ ಹಿಡಿದು ಅಳೆಯುತ್ತಿದ್ದರು. "ಮೊಳ ಎಂದರೆ ಯಾರ ಕೈ ಅಜ್ಜಾ?" ಎಂದೆ. "ಮಾರುವಾಗ ನನ್ನದು, ಕೊಳ್ಳುವಾಗ ನನ್ನ ದೊಡ್ಡ ಮಗನದು" ಎಂದರು. ಅಂಕ ಬಂದ ಮೇಲೂ ಎರಡು ವರ್ಷ ಅಲ್ಲಿಗೆ ಹೋಗುತ್ತಿದ್ದೆ. ರಸಬಾಳೆ ಕೊಳ್ಳುವುದನ್ನು ಕಲಿತದ್ದೂ ಅಲ್ಲೇ.

ಅಂದರೆ ಕೆಲಸ ಕೊಡಬೇಕು. ಶಾಮಶಾಸ್ತ್ರಿಗಳು ಆ ಕಟ್ಟಡಕ್ಕೆ ನೋಡಲು ಹೋದವರಲ್ಲ, ಅಲ್ಲಿನ ಗ್ರಂಥಪಾಲಕರು. ತಂಜಾವೂರಿನ ಪಂಡಿತರೊಬ್ಬರು ಒಪ್ಪಿಸಿದ ಓಲೆಯ ಕಟ್ಟನ್ನು ಬಿಚ್ಚಿ ಓದುವುದು ಅವರ ಕೆಲಸವಾಗಿತ್ತು.

ಇನ್ನೊಂದು ಮಾತು. 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದು ಊರ ನಡುವೆಯೇ ಇತ್ತು. 1960ರಲ್ಲಿ ಮಾನಸಗಂಗೋತ್ರಿ ಆದ ಮೇಲೆ ಸ್ನಾತಕೋತ್ತರ ಪಾಠಗಳು ಕೆರೆಯಾಚೆಗೆ ಹೋದವು. ಕುವೆಂಪು ಇಟ್ಟ ಹೆಸರು ಸೊಗಸಾಗಿದೆ, ಮರಗಳ ನೆರಳೂ ಸೊಗಸು, ನನ್ನ ತಕರಾರಿಲ್ಲ. ಆದರೆ ಪೇಟೆ ನಮ್ಮನ್ನು ಬಿಟ್ಟು ಹೋಗಲಿಲ್ಲ, ಗಂಟುಮೂಟೆ ಕಟ್ಟಿದವರು ನಾವು. ಈಗ ವಾರಕ್ಕೊಂದು ಪಾಠವಾದರೂ ಪುರಭವನದ ಪಕ್ಕದಲ್ಲಿ ನಡೆಯಲಿ.

ಉತ್ತರ 3: ಈಗ ಓದುತ್ತಿರುವವನು

ಪಾಠ ಮುಗಿದು, ಬಸ್ ಹಿಡಿದು, ನಾವು ಊರೊಳಗೆ ಇಳಿಯುವಷ್ಟರಲ್ಲಿ ಕಚೇರಿ ಸಮಯದ ಜಾಗಗಳೆಲ್ಲ ಬೀಗ ಹಾಕಿರುತ್ತವೆ. ರಂಗಾಯಣದ ನಾಟಕ ಸಂಜೆ ಇರುವುದರಿಂದ ನಮ್ಮ ಗುಂಪು ಅಲ್ಲಿಗೆ ತಪ್ಪದೆ ಹೋಗುತ್ತದೆ. 2017ರಲ್ಲಿ ಬಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಒಳ್ಳೆಯದೇ, ಆದರೆ ಮುಚ್ಚಿದ ಬಾಗಿಲಿಗೆ ಸೈಕಲ್ ತುಳಿದು ಏನು ಮಾಡುವುದು? ವಾರಕ್ಕೆ ಒಂದು ಸಂಜೆ ಎಂಟರವರೆಗೆ ತೆರೆದಿಡಿ, ಬರುತ್ತೇವೆ.

ಪ್ರಶ್ನೆ ಕೇಳಿದವರು:

ಕಲ್ಲುಹಾಸಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಶನಿವಾರ ಬೆಳಿಗ್ಗೆ ತಮ್ಮನ ಮಗನನ್ನು ಹೂವಿನ ಸಾಲಿಗೆ ಕರೆದುಕೊಂಡು ಬರುತ್ತೇನೆ. ಆರಡಿ ಎತ್ತರದ ಹುಡುಗ. ಮಲ್ಲಿಗೆಯನ್ನು ಅವನ ಕೈಯಲ್ಲೇ ಅಳೆಯಬೇಕು, ಈಗಲೇ ಹೇಳಿದ್ದೇನೆ.