ಕ್ಲಾಸ್ ಪಿಟಿಎಗೆ (ಟೀಚರ್ ಮತ್ತು ಮನೆಯವರ ಮೀಟಿಂಗಿಗೆ) ಬಾರದ ಅಪ್ಪ ಅಮ್ಮಂದಿರನ್ನು ಹೇಗೆ ಸೇರಿಸಿಕೊಳ್ಳುದು?

ಕುಂಬ್ಳೆ ಟೀಚರ್:
ಕೇರಳದ ಕಾಸರಗೋಡು ಜಿಲ್ಲೆಯ ಕುಂಬ್ಳೆ ಹತ್ರದ ಒಂದು ಕನ್ನಡ ಮೀಡಿಯಂ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಯಲ್ಲಿ ಎರಡನೇ ಕ್ಲಾಸ್ ತಕೊಳ್ತೇನೆ. ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಟಿ ಹೀಗೆ ಎಂತೆಂತದೋ ಮಾತಾಡ್ತಾರೆ, ಅದು ತೊಂದರೆ ಅಲ್ಲ, ಬೇಗ ಹಿಡೀತಾರೆ. ಆದ್ರೆ ಪಿಟಿಎ ಕರೆದ್ರೆ ಬರುದು ಚಂದ ಓದುವ ಮಕ್ಕಳ ಅಮ್ಮಂದಿರು, ಯಾರ ಹತ್ರ ಮಾತಾಡ್ಲೇಬೇಕೋ ಅವರಿಲ್ಲ. ಒಬ್ಬ ಹುಡುಗ ಉಂಟು, ಬಾಯಿಲೆಕ್ಕ ಕೇಳಿದ್ರೆ ಎಲ್ಲರಿಗಿಂತ ಮೊದಲು ಹೇಳ್ತಾನೆ, ಓದು ಅಂದ್ರೆ ಪುಸ್ತಕ ಮುಚ್ಚಿ ಕೂತ್ಕೊಳ್ತಾನೆ. ಅಪ್ಪ ಗಲ್ಫಲ್ಲಿ, ಅಮ್ಮ ಬೀಡಿ ಕಟ್ಟುದು. ಡೈರಿಯಲ್ಲಿ ಬರ್ದು ಕಳ್ಸಿದ್ರೆ ಸೈನ್ ಆಗಿ ಬರ್ತದೆ ಅಷ್ಟೆ. ಈ ಕೆಲಸಕ್ಕೆ ಬಂದದ್ದೇ ಮಕ್ಕಳಿಗೋಸ್ಕರ, ಆದ್ರೆ ಮನೆಯವರಿಲ್ಲದೆ ನಾನೊಬ್ಳೇ ಎಷ್ಟು ಎಳೀಲಿಕ್ಕಾಗ್ತದೆ?

ಪೆರ್ಲದ ಹಳೇ ಮಾಷ್ಟ್ರು:
ಟೀಚರೇ, ಸೈನ್ ಹಾಕಿದವ್ರಿಗೆ ಕನ್ನಡ ಓದ್ಲಿಕ್ಕೆ ಬರ್ತದಾ ಅಂತ ಮೊದಲು ನೋಡಿ. ಅಮ್ಮ ಮಲಯಾಳ ಮೀಡಿಯಂನಲ್ಲಿ ಕಲ್ತಿರ್ತಾರೆ, ಮಗು ಕನ್ನಡದಲ್ಲಿ, ನಮ್ಮ ಕಡೆ ಇದು ಇದ್ದದ್ದೇ. ಮನೆಗೆ ಹೋಗಿ, ಆದ್ರೆ ಮೊದಲ ಸಲವೇ ಕಂಪ್ಲೇಂಟ್ ತಕೊಂಡು ಹೋಗ್ಬೇಡಿ, ಬಾಯಿಲೆಕ್ಕದ ವಿಷಯ ಹೇಳಿ, ಮತ್ತೆ ಅವನು ಮನೆಯಲ್ಲಿ ಎಂತ ಮಾಡ್ತಾನೆ ಅಂತ ಕೇಳಿ. ಬೀಡಿ ಕಟ್ಟು ಎಣಿಸಿ ಕೊಡುವವನು ಅವನೇ ಇರ್ಬಹುದು! ಕಣ್ಣು ಒಮ್ಮೆ ತೋರಿಸ್ಲಿಕ್ಕೂ ಹೇಳಿ.

ಬದಿಯಡ್ಕದ ಅಮ್ಮ:
ನಾನು ಟೀಚರ್ ಅಲ್ಲ. ಮೀಟಿಂಗ್ ಎರಡೂವರೆ ಗಂಟೆಗೆ ಇಟ್ರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವ್ರು ಬರುದು ಹೇಗೆ? ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡುವ ದಿನ ಆದ್ರಂತೂ ಮುಗೀತು. ನಮ್ಮಲ್ಲಿ ಭಾನುವಾರ ಕುಟುಂಬಶ್ರೀಗೆ (ಹೆಂಗಸರ ಸ್ವಸಹಾಯ ಗುಂಪಿನ ಮೀಟಿಂಗಿಗೆ) ಎಲ್ಲರೂ ಹೇಗೂ ಸೇರ್ತೇವೆ, ಅಲ್ಲಿಗೇ ಹತ್ತು ನಿಮಿಷ ಬನ್ನಿ. ವಾಟ್ಸಾಪಲ್ಲಿ ಉದ್ದ ನೋಟೀಸಿನ ಬದಲು ವಾಯ್ಸ್ ಹಾಕಿ, ತುಳುವಲ್ಲಾದ್ರೂ ಆದೀತು, ಬೀಡಿ ಕಟ್ತಾ ಕೇಳ್ಬಹುದು, ಗಲ್ಫಲ್ಲಿರುವ ಅಪ್ಪನಿಗೂ ಫಾರ್ವರ್ಡ್ ಮಾಡ್ಬಹುದು. ಆದ್ರೆ ಎಲ್ಲರ ಗ್ರೂಪಲ್ಲಿ ಮಗುವಿನ ಹೆಸರು ಹೇಳಿ ಹೋಂವರ್ಕ್ ಮಾಡ್ಲಿಲ್ಲ ಅಂತ ಹಾಕ್ಬೇಡಿ ಮಾರಾಯ್ರೆ, ಹಾಗೆ ಒಮ್ಮೆ ಹಾಕಿದ್ರು, ಮತ್ತೆ ಸುಮಾರು ಸಮಯ ನಾನು ಶಾಲೆ ಕಡೆ ತಲೆ ಹಾಕ್ಲಿಲ್ಲ.

ಮುಳ್ಳೇರಿಯದವ:
ಮನೆಯವರೇ ಓದಿಸ್ಬೇಕು ಅಂತಾದ್ರೆ ಶಾಲೆ ಯಾಕೆ? ಜೊತೆ ಅಂದ್ರೆ ತೀರ್ಮಾನದಲ್ಲೂ ಪಾಲು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸ್ಕೂಲ್ ಮ್ಯಾನೇಜ್‌ಮೆಂಟ್ ಕಮಿಟಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಅಪ್ಪ ಅಮ್ಮಂದಿರೇ ಇರ್ಬೇಕು, ಅರ್ಧದಷ್ಟು ಹೆಂಗಸರು. ಆ ಕುರ್ಚಿ ಹೋಗುದು ಮಾತ್ರ ಗಟ್ಟಿ ಮಾತಾಡುವವ್ರಿಗೆ. ಈ ಹುಡುಗನ ಅಮ್ಮನನ್ನು ಒಮ್ಮೆ ಕೂರಿಸಿ ನೋಡಿ.

ಕುಂಬ್ಳೆ ಟೀಚರ್:
ಕಮಿಟಿ ವಿಷಯ ಹೆಡ್ ಮಾಷ್ಟ್ರ ಹತ್ರ ಹೇಳ್ತೇನೆ, ಅವರು ಎಂತ ಹೇಳ್ತಾರೆ ನೋಡ್ಬೇಕು 😅 ಭಾನುವಾರದ್ದು ಖಂಡಿತ ಮಾಡ್ತೇನೆ. ಮಾಷ್ಟ್ರೇ, ಕನ್ನಡ ಓದ್ಲಿಕ್ಕೆ ಬಾರದ ಅಮ್ಮನಿಗೆ ಮನೆಯಲ್ಲಿ ಎಂತ ಮಾಡ್ಲಿಕ್ಕೆ ಹೇಳುದು?

ಪೆರ್ಲದ ಹಳೇ ಮಾಷ್ಟ್ರು:
ಶಾಲೆಯಲ್ಲಿ ಕೇಳಿದ ಕತೆಯನ್ನು ಮನೆ ಭಾಷೆಯಲ್ಲಿ ಹೇಳಿಸ್ಲಿ. ಬೀಡಿ ಕಟ್ತಾ ಕೇಳಿದ್ರೂ ಸಾಕು, ಓದಿಸುದು ನಿಮ್ಮ ಕೆಲಸ.